ಮುಟ್ಟಿಸದೆ ಉಳಿದ ಕಾಗದ

ದೊಡ್ಡ ತತ್ತ್ವಗಳು ದೊಡ್ಡ ಸಂದರ್ಭಗಳಲ್ಲಿಯೇ ಹುಟ್ಟಬೇಕೆಂಬ ನಿಯಮವೇನೂ ಇಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಪದ್ಧತಿಗೆ ಆಧಾರಸ್ತಂಭವೆನಿಸಿರುವ ತತ್ತ್ವವೊಂದು ನೆಲೆಗೊಂಡದ್ದು ಯುದ್ಧಭೂಮಿಯಲ್ಲಲ್ಲ. ಮುಟ್ಟಿಸದೆ ಉಳಿದ ಒಂದು ನೇಮಕಪತ್ರದ ತಗಾದೆಯಲ್ಲಿ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ರಾಜ್ಯಾಂಗವನ್ನು ರಚಿಸಿದವರು ಅರಸೊತ್ತಿಗೆಯ ರುಚಿ ಕಂಡವರು. ಅಧಿಕಾರವನ್ನೆಲ್ಲ ಒಂದೇ ಕೈಗೆ ಕೊಡಲು ಅವರ ಮನಸ್ಸು ಒಪ್ಪಲಿಲ್ಲ. ಕಾನೂನು ಮಾಡುವುದು ಕಾಂಗ್ರೆಸ್ಸಿನ ಕೆಲಸ. ನಡೆಸುವುದು ಅಧ್ಯಕ್ಷನ ಕೆಲಸ. ವ್ಯಾಜ್ಯ ತೀರಿಸುವುದು ನ್ಯಾಯಾಲಯದ ಕೆಲಸ. ಕಾಂಗ್ರೆಸ್ಸಿನ ಮಸೂದೆಯನ್ನು ಅಧ್ಯಕ್ಷನು ತಿರಸ್ಕರಿಸಬಹುದು. ಎರಡು ಸಭೆಗಳಲ್ಲಿಯೂ ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಆ ತಿರಸ್ಕಾರವೂ ನಿಲ್ಲದು. ಅಧ್ಯಕ್ಷನು ಹೆಸರಿಸಿದ ನ್ಯಾಯಾಧೀಶರನ್ನು ಸೆನೆಟ್ ಒಪ್ಪಬೇಕು. ಆದರೆ ಕಾಂಗ್ರೆಸ್ಸೇ ರಾಜ್ಯಾಂಗವನ್ನು ಮೀರಿ ಕಾನೂನು ಮಾಡಿದರೆ ಹೇಳುವವರು ಯಾರು? ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಅವರು ಬರೆದಿರಲಿಲ್ಲ.

1800ರ ಚುನಾವಣೆಯಲ್ಲಿ ಅಧ್ಯಕ್ಷ ಜಾನ್ ಆಡಮ್ಸನು ಸೋತನು. ಹೊರಡುವ ಮುನ್ನ ತನ್ನ ಪಕ್ಷದವರನ್ನು ನ್ಯಾಯಸ್ಥಾನಗಳಿಗೆ ತುಂಬಿದನು. ವಿಲಿಯಂ ಮಾರ್ಬರಿ ಎಂಬಾತನಿಗೆ ರಾಜಧಾನಿಯಲ್ಲಿ ಒಂದು ಸಣ್ಣ ನ್ಯಾಯಾಧಿಕಾರ ದೊರೆಯಿತು. ಸೆನೆಟ್ ಒಪ್ಪಿತು, ಸಹಿಯಾಯಿತು, ಮೊಹರೂ ಬಿತ್ತು. ಗಡಿಬಿಡಿಯಲ್ಲಿ ಕಾಗದ ಮಾತ್ರ ಅವನ ಕೈ ಸೇರಲಿಲ್ಲ. 1801ರ ಮಾರ್ಚ್ 4ರಂದು ಅಧಿಕಾರ ವಹಿಸಿದ ಥಾಮಸ್ ಜೆಫರ್ಸನ್ನನು ಅದನ್ನು ತಡೆಹಿಡಿಸಿದನು. ಮಾರ್ಬರಿಯು ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ನನ ಮೇಲೆ ನೇರವಾಗಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದನು. ವಿನೋದವೆಂದರೆ, ವಿಚಾರಣೆಗೆ ಕುಳಿತ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ಲನೇ ಆಡಮ್ಸನ ಕಾಲದಲ್ಲಿ ಆ ಕಾರ್ಯದರ್ಶಿಯಾಗಿದ್ದವನು. ಕಾಗದ ಉಳಿದದ್ದು ಅವನ ಕಚೇರಿಯಲ್ಲಿಯೇ!

ಮಾರ್ಷಲ್ಲನ ಸ್ಥಿತಿ ಇಕ್ಕಟ್ಟಿನದು. ಅಂದಿನ ಸುಪ್ರೀಂ ಕೋರ್ಟಿಗೆ ಸ್ವಂತ ಕಟ್ಟಡವೂ ಇರಲಿಲ್ಲ; ಅದು ದೊರೆತದ್ದು 1935ರಲ್ಲಿ. ಕಾಗದ ಕೊಡಿರೆಂದು ಆಜ್ಞೆ ಮಾಡಿದರೆ ಜೆಫರ್ಸನ್ನನು ಲೆಕ್ಕಿಸದಿರಬಹುದು. ಸುಮ್ಮನಾದರೆ ನ್ಯಾಯಾಲಯ ಅಂಜಿತೆಂಬ ಅಪಖ್ಯಾತಿ. 1803ರ ಫೆಬ್ರವರಿ 24ರ ತೀರ್ಪು ಎರಡನ್ನೂ ತಪ್ಪಿಸಿತು. ಮಾರ್ಬರಿಗೆ ಹಕ್ಕಿದೆ, ಕೊಡದಿರುವುದು ಅನ್ಯಾಯ. ಆದರೆ ಇಂಥ ದಾವೆಯನ್ನು ಮೊದಲಿಗೇ ಕೇಳುವ ಅಧಿಕಾರವನ್ನು ರಾಜ್ಯಾಂಗವು ಈ ಕೋರ್ಟಿಗೆ ಕೊಟ್ಟಿಲ್ಲ. 1789ರ ಕಾನೂನಿನ ವಿಧಿಯೊಂದು ಅದನ್ನು ಕೊಡುವುದಾದರೆ ಆ ವಿಧಿಯೇ ಅಸಿಂಧು. ಮಾರ್ಬರಿಗೆ ಹುದ್ದೆ ಸಿಗಲಿಲ್ಲ. ಜೆಫರ್ಸನ್ನನಿಗೆ ಧಿಕ್ಕರಿಸಲು ಆಜ್ಞೆಯೂ ಸಿಗಲಿಲ್ಲ. ಸಣ್ಣದೊಂದು ಅಧಿಕಾರವನ್ನು ಬಿಟ್ಟುಕೊಟ್ಟ ಕೋರ್ಟು, ಕಾನೂನನ್ನೇ ಒರೆಗೆ ಹಚ್ಚುವ ದೊಡ್ಡ ಅಧಿಕಾರವನ್ನು ಗಳಿಸಿತು. ನಮ್ಮ ರಾಜ್ಯಾಂಗದಲ್ಲಿಯಾದರೋ, ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ನಿಲ್ಲದೆಂದು 13ನೆಯ ಅನುಚ್ಛೇದದಲ್ಲಿ ಬರೆದೇ ಇಟ್ಟಿದ್ದಾರೆ.

ಹಾಗಾದರೆ ನ್ಯಾಯಾಧೀಶರ ಮಾತೇ ಕೊನೆಯ ಮಾತೆ? ಚರಿತ್ರೆ ಹಾಗೆ ಹೇಳುವುದಿಲ್ಲ. ಕೋರ್ಟು ಈ ಅಸ್ತ್ರವನ್ನು ಕಾಂಗ್ರೆಸ್ಸಿನ ಮೇಲೆ ಎರಡನೆಯ ಬಾರಿ ಎತ್ತಿದ್ದು 1857ರಲ್ಲಿ. ಗುಲಾಮನಾಗಿದ್ದ ಡ್ರೆಡ್ ಸ್ಕಾಟ್ ಬಿಡುಗಡೆ ಬೇಡಿ ಬಂದಾಗ, ಆಫ್ರಿಕಾ ಮೂಲದವರು ಆ ದೇಶದ ಪೌರರೇ ಆಗಲಾರರೆಂದಿತು. ಇನ್ನೂ ರಾಜ್ಯಗಳಾಗದ ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸಲು ಕಾಂಗ್ರೆಸ್ಸಿಗೆ ಅಧಿಕಾರವಿಲ್ಲವೆಂದಿತು. ದುರ್ಬಲನನ್ನು ಕಾಯಬೇಕಾದ ಅಸ್ತ್ರ ಅವನ ಮೇಲೆಯೇ ಬಿದ್ದಿತು. ಆ ತೀರ್ಪು ಅಳಿಸಿಹೋಗಲು ಅಂತರ್ಯುದ್ಧವೇ ನಡೆಯಬೇಕಾಯಿತು. 1865ರ ತಿದ್ದುಪಡಿ ಗುಲಾಮಗಿರಿಯನ್ನು ತೊಡೆಯಿತು. 1868ರದು ಆ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವವನ್ನಿತ್ತಿತು.

ಯಾವ ಕೈಯೂ ತಪ್ಪಬಹುದು ಎಂಬ ಶಂಕೆಯ ಮೇಲೆ ಕಟ್ಟಿದ ಮನೆ ಅದು. ಅಧ್ಯಕ್ಷನ ಕೈ, ಕಾಂಗ್ರೆಸ್ಸಿನ ಕೈ ಮಾತ್ರವಲ್ಲ, ತಕ್ಕಡಿ ಹಿಡಿದ ಕೈಯೂ ತಪ್ಪಬಹುದು. ತಿದ್ದುವ ದಾರಿಯನ್ನು ರಾಜ್ಯಾಂಗ ತೆರೆದಿಟ್ಟಿತ್ತು. ಆ ದಾರಿಯಲ್ಲಿ ನಡೆಯುವ ಹೊಣೆ ಮಾತ್ರ ಜನರ ಪಾಲಿಗೇ ಉಳಿಯಿತು.