ಅಪ್ಪನ ಜಾವಾ, ಡೊಂಬಿವಲಿಯ ಎಣ್ಣೆ ಕಲೆ

ನಮ್ಮ ಡೊಂಬಿವಲಿ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಎಣ್ಣೆ ಕಲೆ ಕಂಡರೆ ಅದು ಯಾರ ಗಾಡಿಯದು ಅಂತ ಯಾರೂ ಕೇಳುವುದಿಲ್ಲ. ನಿವೃತ್ತಿಯ ಮರುವರ್ಷ ಸೆಕ್ರೆಟರಿ ಚೀಟಿಯನ್ನೇ ಕಳಿಸಿದರು: ಸೋರಿಕೆ ನಿಲ್ಲಿಸಿ, ಇಲ್ಲವೇ ಗಾಡಿ ತೆಗೆಯಿರಿ. ಭಂಗಾರ್‌ಗೆ ಹಾಕಿಬಿಡಿ ಎಂದರು ಅಕ್ಕಪಕ್ಕದವರು. ಇಲ್ಲಿ ಭಂಗಾರ್ ಅಂದರೆ ಗುಜರಿ. ನಮ್ಮ ಕಿವಿಗೆ ಅದು ಬಂಗಾರ ಅಂತಲೇ ಬೀಳುತ್ತದೆ, ಏನು ಮಾಡೋಣ!

ಅಪ್ಪ 1968ರಲ್ಲಿ ಮೈಸೂರಿನಲ್ಲಿ ಕೊಂಡ ಜಾವಾ ಅದು. ಜಾವಾ ಮೈಸೂರಿನದೇ ಅಂತ ನಮ್ಮವರು ಎಷ್ಟೋ ಜನ ತಿಳಿದಿದ್ದಾರೆ. ಮೂಲ ಝೆಕ್ ನಾಡಿನದು. ಅದನ್ನು ತರಿಸಿ ಮಾರುತ್ತಿದ್ದವರು ಮುಂಬಯಿಯ ಇರಾನಿ ಕುಟುಂಬದವರು. ಆಮದಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ ರುಸ್ತುಂ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಮುಂಬಯಿಯವರು ಮೈಸೂರಿಗೆ ಹೋಗಿ ಗಾಡಿ ಮಾಡಿದರು. ಮೈಸೂರಿನ ನಾನು ವರ್ಗಾವಣೆ ಆರ್ಡರ್ ಹಿಡಿದು ಠಾಣೆಗೆ ಬಂದೆ. ಅಪ್ಪ ಹೋದ ಮೇಲೆ, 1994ರಲ್ಲಿ, ಟ್ಯಾಂಕ್ ಖಾಲಿ ಮಾಡಿ, ಗೋಣಿತಾಟು ಸುತ್ತಿಸಿ, ಗಾಡಿಯನ್ನು ರೈಲಿನಲ್ಲಿ ಕಲ್ಯಾಣಕ್ಕೆ ತರಿಸಿಕೊಂಡೆ.

ಇದು ಟೂ ಸ್ಟ್ರೋಕ್. ಇಂಜಿನ್ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು, ಅದು ಉರಿದುಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕುವುದು ಗೇರ್‌ಬಾಕ್ಸಿನ ಎಣ್ಣೆ. ಜಾವಾದಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಅದು ಎಡಗಡೆಯ ಮುಚ್ಚಳದಿಂದ ಹೊರಬರುವ ಕಡೆ ರಬ್ಬರ್ ರಿಂಗ್ ಸವೆದಿತ್ತು, ಗ್ಯಾಸ್ಕೆಟ್ಟೂ ಒಣಗಿತ್ತು. ಕಲ್ಯಾಣದ ಮಿಸ್ತ್ರಿ ಎರಡನ್ನೂ ಬದಲಿಸಿದ. ನೆಲ ಒಣಗಿತು. ಸೆಕ್ರೆಟರಿಗೂ ತೋರಿಸಿ ಬಂದೆ.

ಆದರೆ ತಿಂಗಳೊಳಗೆ ಗೇರ್‌ಬಾಕ್ಸಿನ ಎಣ್ಣೆ ಮತ್ತೆ ಇಳಿದಿತ್ತು. "ಕಾಕಾ, ತೇಲ್ ಕುಠೇ ಗೇಲಂ?" ಅಂತ ಮಿಸ್ತ್ರಿ ನನ್ನನ್ನೇ ಕೇಳಿದ. ಮೂವತ್ತು ವರ್ಷ ಲೆಕ್ಕ ನೋಡಿದವನು ನಾನು. ಖರ್ಚು ಬಿದ್ದಿದೆ, ಆದರೆ ಜಮೆ ಎಲ್ಲೂ ಇಲ್ಲ! ಕೊನೆಗೆ ಸೈಲೆನ್ಸರಿನ ಬಿಳಿ ಹೊಗೆಯೇ ಹೇಳಿತು. ಕ್ರ್ಯಾಂಕಿನ ಎಡಬದಿಯ ಆಯಿಲ್ ಸೀಲ್ ಗಟ್ಟಿಯಾಗಿ ಬಿರುಕುಬಿಟ್ಟಿತ್ತು. ಪಿಸ್ಟನ್ ಮೇಲೇರಿದಾಗಲೆಲ್ಲ ಕೆಳಗಿನ ಸೆಳೆತಕ್ಕೆ ಗೇರ್ ಎಣ್ಣೆ ಇಂಜಿನ್ನಿನೊಳಕ್ಕೆ ಹೋಗಿ ಸುಡುತ್ತಿತ್ತು. ಎಷ್ಟು ವರ್ಷದಿಂದಲೋ! ನೆಲದ ಕಲೆಯನ್ನಷ್ಟೇ ನೋಡುತ್ತಿದ್ದ ನಮಗೆ ಗೊತ್ತಾಗಿರಲಿಲ್ಲ.

ಕ್ಲಚ್ ಬಿಚ್ಚಿ, ಮುಂದಿನ ಹಲ್ಲುಚಕ್ರವನ್ನು ಪುಲ್ಲರ್ ಹಾಕಿ ಎಳೆಯಬೇಕಾಯಿತು. ಸೀಲಿಗಿಂತ ಕೂಲಿಯೇ ಹೆಚ್ಚು. ಮುಚ್ಚಳದ ತಿರುಪುಗಳ ತಲೆ ಜಜ್ಜಿಹೋಗಿತ್ತು. ಸರಿಯಾದ ಸ್ಕ್ರೂಡ್ರೈವರ್ ಸಿಗದಾಗ ಅಪ್ಪ ಉಳಿ ಇಟ್ಟು ಬಡಿದು ಬಿಚ್ಚುತ್ತಿದ್ದರು. ಎಲ್ಲಾ ಹೊಸದು ಹಾಕೋಣ ಅಂದ ಮಿಸ್ತ್ರಿ. ಒಂದನ್ನು ಹಾಗೇ ಬಿಡಪ್ಪಾ ಅಂದೆ. ಅವನು ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ.

ಆ ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿದೆ. ಬೆಳಿಗ್ಗೆ ನನ್ನವಳೇ ಮೊದಲು ಹೋಗಿ ಬಗ್ಗಿ ನೋಡಿದಳು. "ರೀ, ಒಂದು ತೊಟ್ಟಿದೆ." ಇಳಿದು ನೋಡಿದರೆ ಅದು ಹಿಂದಿನ ಚೈನಿನದು.