ಅಂಗಳಕ್ಕೆ ಬಂದ ಶಾಲೆ

‘ಅಂಗನವಾಡಿ’ ಎಂಬ ಮಾತು ತಿಳಿಯದ ಹಳ್ಳಿ ನಮ್ಮಲ್ಲಿ ಇಲ್ಲ. ಪದಗಳ ಕುಲಗೋತ್ರ ವಿಚಾರಿಸುವುದೇ ವೃತ್ತಿಯಾಗಿದ್ದ ನನಗೂ ಇದು ಬಹುಕಾಲ ಸರ್ಕಾರಿ ಕಡತದೊಳಗೆ ಹುಟ್ಟಿದ ಪದವೆಂದೇ ತೋರುತ್ತಿತ್ತು. ಆದರೆ ಇದರ ಹುಟ್ಟು ಅರಬ್ಬೀ ಕಡಲ ದಡದ ಬೋರ್ಡಿ ಎಂಬ ಊರಿನಲ್ಲಿ. ಆ ಕಥೆಯಾದರೋ ಇನ್ನೂ ಹಿಂದೆ, ಗುಜರಾತಿನ ಭಾವನಗರದಲ್ಲಿ ಮೊದಲಾಗುತ್ತದೆ.

ಗಿಜುಭಾಯಿ ಬಧೇಕಾ ವಕೀಲರು. 1913ರಲ್ಲಿ ಮಗ ಹುಟ್ಟಿದ. ಅವನನ್ನು ಬೆಳೆಸುವ ಬಗೆ ಹೇಗೆಂಬ ಚಿಂತೆ ಹತ್ತಿತು. ರೋಮಿನಲ್ಲಿ 1907ರಿಂದ ಬಡಮಕ್ಕಳ ಶಾಲೆ ನಡೆಸಿ ಹೆಸರಾದ ಮಾರಿಯಾ ಮಾಂಟೆಸ್ಸರಿಯ ವಿಚಾರಗಳು ಅವರಿಗೆ ದೊರೆತದ್ದು ಒಂದು ಗುಜರಾತಿ ಪುಸ್ತಕದ ಮೂಲಕ. ವಕೀಲಿ ಬಿಟ್ಟರು. 1920ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ಶಾಲೆ ತೆರೆದವರು ಆ ಕಾಲದಲ್ಲಿ ಇನ್ನೂ ಹಲವರಿದ್ದರು. ಗಿಜುಭಾಯಿಯವರ ಹೆಚ್ಚುಗಾರಿಕೆ ಬೇರೆ. ಮಗುವಿಗೆ ಕಲಿಸುವವರಿಗೂ ಓದಲು ಏನಾದರೂ ಬೇಕು, ಅದು ಅವರ ಮಾತಿನಲ್ಲೇ ಇರಬೇಕು ಎಂದು ಅವರು ಕಂಡುಕೊಂಡರು. ಅಧ್ಯಾಪಕರಿಗಾಗಿ ‘ಶಿಕ್ಷಣ ಪತ್ರಿಕಾ’ ಹೊರಟಿತು. ತರಬೇತಿಗೆ ಅಧ್ಯಾಪನ ಮಂದಿರ ಏರ್ಪಟ್ಟಿತು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಕಟ್ಟಿಕೊಂಡಿತು. ಅವರ ‘ದಿವಾಸ್ವಪ್ನ’ ಒಬ್ಬ ಮೇಷ್ಟರ ಒಂದು ವರ್ಷದ ಪ್ರಯೋಗದ ಕಥೆ. ಬೋಧನಾಶಾಸ್ತ್ರವನ್ನು ಕಥೆಯಾಗಿ ಹೇಳಬಹುದೆಂದು ನಮ್ಮ ಶಿಕ್ಷಣ ಕಾಲೇಜುಗಳಿಗೆ ಏಕೆ ಹೊಳೆಯಲಿಲ್ಲವೋ!

ಗಿಜುಭಾಯಿ ತೀರಿಕೊಂಡದ್ದು 1939ರ ಜೂನಿನಲ್ಲಿ. ಮಾಂಟೆಸ್ಸರಿ ಮದರಾಸಿಗೆ ಬಂದಿಳಿದದ್ದು ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ.

ಅವರ ಜೊತೆಗಾರ್ತಿ ತಾರಾಬಾಯಿ ಮೋಡಕರಿಗೆ ಉಳಿದದ್ದು ಒಂದು ತೊಡಕಿನ ಪ್ರಶ್ನೆ. ಹಿಡಿಯುಳ್ಳ ಮರದ ಉರುಳೆ, ಉಪ್ಪುಕಾಗದದ ಅಕ್ಷರ, ಅಳತೆ ತಪ್ಪದ ಚೌಕಗಳು, ಇವೆಲ್ಲ ಬೆಲೆಯ ಸಾಮಾನು. ಬಡ ಹಳ್ಳಿ ಇದನ್ನು ಎಲ್ಲಿಂದ ತರಬೇಕು? 1945ರಲ್ಲಿ ಬೋರ್ಡಿಗೆ ಹೋದ ತಾರಾಬಾಯಿ, ಸಹಾಯಕಿ ಅನುತಾಯಿ ವಾಘರೊಡನೆ ಬೀಜ, ಚಿಪ್ಪು, ಬೆಣಚುಕಲ್ಲು, ಎಲೆ, ಜೇಡಿಮಣ್ಣುಗಳನ್ನೇ ಉಪಕರಣ ಮಾಡಿಕೊಂಡರು. ಸಾಲು, ಗಾತ್ರ, ಎಣಿಕೆ ಇವು ಮರದ ಉರುಳೆಯಿಂದಲೇ ತಿಳಿಯಬೇಕೆಂದಿಲ್ಲವಷ್ಟೆ. ಆದರೂ ದಲಿತ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಆಗ ಶಾಲೆಯೇ ಅವರ ಕೇರಿಗೆ ನಡೆಯಿತು, ಅವರ ಮನೆಯಂಗಳದಲ್ಲಿ ಕೂತಿತು. ಅದೇ ಅಂಗನವಾಡಿ. ಮರಾಠಿಯಲ್ಲಿ ‘ವಾಡಿ’ ಎಂದರೆ ತೋಟವೂ ಹೌದು. ಎಂಥ ಪದ!

ಮುಂದೆ 1957ರಲ್ಲಿ ಅವರು ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ, ನೆಲೆ ಬದಲಿಸಿದರು. ಅಲ್ಲಿ ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ತಾರಾಬಾಯಿ 1973ರಲ್ಲಿ ಕಣ್ಣು ಮುಚ್ಚಿದರು.

ಎರಡು ವರ್ಷಗಳ ಅನಂತರ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಆರಂಭಿಸಿತು. ನಮ್ಮಲ್ಲಿ ಅದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಕಾಲಿಟ್ಟಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮೊದಲಾದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಹಸಿದ ಮಗುವಿಗೆ ಊಟ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೊಠಡಿಯೊಳಗೆ ನಾನು ಇಣುಕಿದಾಗಲೆಲ್ಲ ಕಂಡದ್ದು ತೂಕದ ಪಟ್ಟಿ, ದಾಸ್ತಾನಿನ ಪುಸ್ತಕ, ಹಾಜರಿ ಪುಸ್ತಕ. ಅವಳು ತನಗಾಗಿ ಓದಿಕೊಳ್ಳುವ ಪತ್ರಿಕೆ ಕಣ್ಣಿಗೆ ಬೀಳಲಿಲ್ಲ. ತಾರಾಬಾಯಿಯ ಪದ ನಮಗೆ ಬಂತು, ಗಿಜುಭಾಯಿಯ ಪತ್ರಿಕೆ ಬರಲಿಲ್ಲ ಎಂದು ಆಗ ಅನ್ನಿಸಿತ್ತು. ಕಾಲೇಜು ಅಧ್ಯಾಪಕರಾದ ನಾವಾದರೂ ಆಕೆಯನ್ನು ಸಹೋದ್ಯೋಗಿಯೆಂದು ಎಣಿಸಿದ್ದುಂಟೆ? ನಾನಂತೂ ಎಣಿಸಲಿಲ್ಲ.

ಆಕೆಗೆ ಸಿಗುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ. ಕಡತದಲ್ಲಿ ಅದು ‘ಗೌರವಧನ’. ಆಕೆಯೂ ಗ್ರಾಚ್ಯುಯಿಟಿಗೆ ಅರ್ಹಳೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಯೋಜನೆಗೆ ಆಗ ನಲವತ್ತಾರು ವರ್ಷ ತುಂಬಿತ್ತು.