ಹನಸೋಗೆ: ಅರವತ್ತನಾಲ್ಕು ಬಸದಿಗಳ ತೀರ್ಥವೂ ಅದರ ಹಕ್ಕುದಾರರೂ

ಮೈಸೂರು ಜಿಲ್ಲೆಯ ಪ್ರಾಚೀನ ಜೈನಕ್ಷೇತ್ರಗಳಲ್ಲಿ ಚಿಕ್ಕಹನಸೋಗೆಗೆ ವಿಶಿಷ್ಟವಾದ ಸ್ಥಾನವಿದೆ. ಹಳೆಯ ಯಡತೊರೆ ತಾಲ್ಲೂಕಿಗೆ, ಎಂದರೆ ಕೃಷ್ಣರಾಜನಗರದ ಸೀಮೆಗೆ ಸೇರಿದ ಈ ಗ್ರಾಮವನ್ನು ಶಾಸನಗಳು ಪನಸೋಗೆ ಎಂದು ಕರೆಯುತ್ತವೆ. ಇಂದು ಇಲ್ಲಿ ಮುಖ್ಯವಾಗಿ ಕಾಣುವುದು ಮೂರು ಗರ್ಭಗೃಹಗಳ ಆದಿನಾಥ ಬಸದಿ. ಶಾಸನಗಳಾದರೋ ಅರವತ್ತನಾಲ್ಕು ಬಸದಿಗಳ ಮಾತನ್ನಾಡುತ್ತವೆ. ಆ ಸಂಖ್ಯೆಯನ್ನು ಎಣಿಕೆಯೆಂದು ತಿಳಿಯುವುದಕ್ಕಿಂತ ಕ್ಷೇತ್ರಮಹಿಮೆಯ ಮಾತೆಂದು ತಿಳಿಯುವುದೇ ಉಚಿತ. ಆದರೆ 11ನೆಯ ಶತಮಾನದ ವೇಳೆಗೆ ಇದು ದೊಡ್ಡ ತೀರ್ಥವಾಗಿತ್ತೆಂಬುದರಲ್ಲಿಯೂ, ಅದನ್ನು ತಮ್ಮದೆನ್ನುವವರು ಹಲವರಿದ್ದರೆಂಬುದರಲ್ಲಿಯೂ ಸಂದೇಹವಿಲ್ಲ.

ಈ ಬಸದಿಗಳನ್ನು ಮೊದಲು ಸ್ಥಾಪಿಸಿದವನು ಇಕ್ಷ್ವಾಕು ಕುಲದ ದಶರಥನ ಮಗ, ಲಕ್ಷ್ಮಣನ ಅಣ್ಣ, ಸೀತಾಪತಿಯಾದ ಶ್ರೀರಾಮನೆಂಬುದು ಶಾಸನೋಕ್ತಿ. ಅವನ ದತ್ತಿಯನ್ನು ಮುಂದೆ ಗಂಗರೂ ಚಂಗಾಳ್ವರೂ ನಡೆಸಿಕೊಂಡು ಬಂದರೆಂದೂ ಹೇಳಿದೆ. ರಾಮನನ್ನು ವಿಷ್ಣುವಿನ ಅವತಾರವೆಂದಷ್ಟೇ ಬಲ್ಲವರಿಗೆ ಇದು ಆಶ್ಚರ್ಯವೆನಿಸಬಹುದು. ಜಿನಾಗಮವನ್ನು ಬಲ್ಲವರಿಗೆ ಹಾಗಿಲ್ಲ. ನಮ್ಮ ಪುರಾಣಗಳಲ್ಲಿ ರಾಮನು ಎಂಟನೆಯ ಬಲದೇವ. ಮುನಿಸುವ್ರತ ತೀರ್ಥಂಕರರ ತೀರ್ಥಕಾಲದಲ್ಲಿ ಬಾಳಿ, ಕಡೆಗೆ ದೀಕ್ಷೆವಹಿಸಿ ಮುಕ್ತನಾದ ಮಹಾಪುರುಷ. ಕನ್ನಡದಲ್ಲಿ ನಾಗಚಂದ್ರನ ರಾಮಚಂದ್ರಚರಿತಪುರಾಣ ಹೇಳುವುದೂ ಈ ರಾಮನ ಕಥೆಯನ್ನೇ. ಇತ್ತ ಇದೇ ಸೀಮೆಯ ಚುಂಚನಕಟ್ಟೆಯಲ್ಲಿ ಕೋದಂಡರಾಮನ ಗುಡಿಯಿದೆ. ವನವಾಸದಲ್ಲಿ ರಾಮನು ಇಲ್ಲಿಗೆ ಬಂದಿದ್ದನೆಂದು ಸ್ಥಳಪುರಾಣ ಹೇಳುತ್ತದೆ. ಒಂದೇ ಹೊಳೆಯ ಆಸುಪಾಸಿನಲ್ಲಿ ಒಬ್ಬನೇ ರಾಮನನ್ನು ಎರಡು ಸಮಯಗಳು ತಮ್ಮವನೆಂದು ಹೇಳಿಕೊಂಡಿವೆ.

ಹಕ್ಕಿನ ಮಾತು ಅನ್ಯಸಮಯದವರೊಡನೆ ಮಾತ್ರ ಇದ್ದುದಲ್ಲ. ಹನಸೋಗೆಯ ಆಚಾರ್ಯರು ದೇಸಿಗ ಗಣ, ಪುಸ್ತಕ ಗಚ್ಛದವರು. ಶಾಸನಗಳಲ್ಲಿ ಹೊತ್ತಗೆ ಗಚ್ಛವೆಂಬ ಹೆಸರೂ ಬರುತ್ತದೆ. ರಾಮನ ಕಾಲದಿಂದ ಬಂದ ಈ ಬಸದಿಗಳು ತಮ್ಮ ಪರಂಪರೆಗೇ ಸೇರಿದವೆಂಬುದು ಅವರ ದೃಢವಾದ ನಿಲುವು. ದಾಮನಂದಿ ಭಟ್ಟಾರಕರಂತಹ ಗುರುಗಳ ಅಧೀನದಲ್ಲಿ ಚಂಗಾಳ್ವ ತೀರ್ಥದ ಬಸದಿಗಳಿದ್ದುವು. ಈ ದಾರ್ಢ್ಯಕ್ಕೆ ಕಾರಣವನ್ನು ನೆರೆಯ ಕೊಂಗಾಳ್ವರ ನಾಡಿನಲ್ಲಿ ಕಾಣಬಹುದು. ಕೊಡಗಿನ ಮುಳ್ಳೂರಿನಲ್ಲಿ ರಾಜೇಂದ್ರ ಕೊಂಗಾಳ್ವನಿಗೂ ಅವನ ತಾಯಿ ಪೋಚಬ್ಬರಸಿಗೂ ಪೂಜ್ಯರಾಗಿದ್ದ ಗುಣಸೇನ ಪಂಡಿತರು ದ್ರವಿಳ ಗಣದವರು. ಎರಡು ರಾಜ್ಯಗಳು, ಎರಡು ಗಣಗಳು. ಎರಡೂ ಕಡೆ ಜಿನಧರ್ಮವೇ. ತಮ್ಮ ಬಸದಿ ತಮ್ಮ ಗುರುಪೀಠಕ್ಕೆ ಮೀಸಲೆಂದು ಕಲ್ಲಿನಲ್ಲಿ ಬರೆಸುವ ಅಗತ್ಯ ಅಲ್ಲಿ ಹುಟ್ಟಿದ್ದು ಸಹಜ.

ರಾಜಕೀಯದ ಹಕ್ಕು ಇನ್ನೊಂದು ಬಗೆಯದು. ಹುಣಸೂರು, ಪಿರಿಯಾಪಟ್ಟಣ ಹಾಗೂ ಕೊಡಗಿನ ಭಾಗಗಳು ಚಂಗಾಳ್ವರವು. 11ನೆಯ ಶತಮಾನದ ಆದಿಯಲ್ಲಿ ರಾಜರಾಜ ಚೋಳನ ಸೇನೆ ಇತ್ತ ಬಂದಾಗ ಕಾಳಗ ನಡೆದದ್ದು ಈ ಪನಸೋಗೆಯಲ್ಲಿಯೇ. ಅದರಲ್ಲಿ ಪರಾಕ್ರಮ ತೋರಿದ ಮನಿಜನಿಗೆ ಚೋಳ ದಂಡನಾಯಕ ಪಂಚವನ್ ಮಹಾರಾಯನು ರಾಜಾಜ್ಞೆಯಂತೆ ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ನೆಂಬ ಬಿರುದನ್ನೂ ಮಾಳವ್ವಿಯನ್ನೂ ಕೊಟ್ಟನು. ಗೆದ್ದ ಚೋಳ ಶೈವ; ಅವನಿಂದ ಪಟ್ಟ ಪಡೆದವನ ವಂಶವೂ, ಸೋತು ಸಾಮಂತರಾದ ಚಂಗಾಳ್ವರೂ ಜಿನಭಕ್ತರು. ಇದನ್ನು ಮತದ ಯುದ್ಧವೆಂದು ಬಣ್ಣಿಸುವುದು ಸಲ್ಲದು. ಅನಂತರ ರಾಮನಿರ್ಮಿತವೆನ್ನುವ ಬಸದಿಯನ್ನು ಹೊಸದಾಗಿ ಕಟ್ಟಿಸಿದ ಅರಸನ ಹೆಸರೇ ರಾಜೇಂದ್ರ ಚೋಳ ನನ್ನಿ ಚಂಗಾಳ್ವ! ಜಯಿಸಿದವರ ಹೆಸರನ್ನು ಹೊತ್ತೇ ಅವನು ಮನೆತನದ ತೀರ್ಥವನ್ನು ಉದ್ಧರಿಸಿದನು.

ಮುಂದಿನ ಶತಮಾನದಲ್ಲಿ ಶ್ರೀವೈಷ್ಣವರ ಪ್ರಭಾವ ಈ ನಾಡಿಗೆ ಬಂದಿತು. ಸಮೀಪದ ಸಾಲಿಗ್ರಾಮವು ರಾಮಾನುಜರ ಶಿಷ್ಯ ವಡುಗನಂಬಿಯ ಊರು. ಶಿಷ್ಯನೊಬ್ಬನ ಪಾದಸ್ಪರ್ಶವಾದ ಕೊಳದ ನೀರನ್ನು ಕುಡಿದ ಊರವರು ವೈಷ್ಣವರಾದರೆಂಬ ಶ್ರೀಪಾದತೀರ್ಥದ ಕಥೆ ಅವರ ಗುರುಪರಂಪರೆಯಲ್ಲಿದೆ. ಊರವರೆಲ್ಲರೂ ಹಾಗಾಗಲಿಲ್ಲವೆಂಬುದಕ್ಕೆ ಅಲ್ಲಿನ ಶ್ರಾವಕರ ಮನೆಗಳೂ ಬಸದಿಗಳೂ ಸಾಕ್ಷಿ. ಇಂತಹ ಘರ್ಷಣೆ ನಾಡಿನಲ್ಲಿ ಬೇರೆಡೆಯೂ ಬೆಳೆದು ಬುಕ್ಕರಾಯನ ಮುಂದೆ ದೂರಾಗಿ ಹೋದಾಗ, ಅವನು 1368ರಲ್ಲಿ ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂದು ಶಾಸನ ಮಾಡಿಸಿ ಇಬ್ಬರ ಕೈಗಳನ್ನೂ ಕೂಡಿಸಿದ್ದು ಪ್ರಸಿದ್ಧವಾಗಿದೆ.

ಹನಸೋಗೆಗೆ ಬಿದ್ದ ದೊಡ್ಡ ಪೆಟ್ಟು ಮಾತ್ರ ವಾದದಿಂದ ಬಂದದ್ದಲ್ಲ, ಆಶ್ರಯ ತಪ್ಪಿದುದರಿಂದ ಬಂದದ್ದು. ಹೊಯ್ಸಳರ ಒತ್ತಡಕ್ಕೆ ಸಿಲುಕಿ ಚಂಗಾಳ್ವರು ಕೊಡಗಿನತ್ತ ಸರಿದರು. ಕಾಲಕ್ರಮದಲ್ಲಿ ಶೈವರಾಗಿ ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನನ್ನು ಕುಲದೈವವೆಂದು ನಂಬಿದರು. ಆದರೂ ಅವರ ಆಸ್ಥಾನದಲ್ಲಿ ಜೈನರಿಗೆ ಸ್ಥಾನ ತಪ್ಪಲಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿ, 1509ರ ಸುಮಾರಿಗೆ ಸಮ್ಯಕ್ತ್ವಕೌಮುದಿಯನ್ನು ರಚಿಸಿದ ಮೂರನೆಯ ಮಂಗರಸನ ಪೂರ್ವಿಕರು ಚಂಗಾಳ್ವರ ಮಂತ್ರಿಗಳೇ ಆಗಿದ್ದರು.

ಇಷ್ಟರಲ್ಲಿ ಊರು ಸಣ್ಣದಾಯಿತು. ಊರಿನ ಹೆಸರು ಘಟ್ಟವನ್ನಿಳಿಯಿತು. ಪನಸೋಗೆ ಬಳಿಯ ಲಲಿತಕೀರ್ತಿ ಮುನಿಗಳ ಉಪದೇಶದಿಂದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿಸ್ವಾಮಿಯನ್ನು ನಿಲ್ಲಿಸಿದನು. 1586ರಲ್ಲಿ ಇಮ್ಮಡಿ ಭೈರವರಸನು ಅಲ್ಲಿಯೇ ಚತುರ್ಮುಖ ಬಸದಿಯನ್ನು ಕಟ್ಟಿಸಿದಾಗಲೂ ಅದೇ ಪನಸೋಗೆಯ ಗುರುಪರಂಪರೆಯೇ ಪೀಠದಲ್ಲಿತ್ತು.